ನಾನು ಅಂದಾಜಿನಲ್ಲಿ ಬರೆದ ಜನ್ಮದಿನಾಂಕ

1990ರ ಜೂನ್ ತಿಂಗಳಲ್ಲಿ, ಮಂಡಗದ್ದೆಯಿಂದ ಒಳಗೆ ಹೋಗುವ ದಾರಿಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ, ಕಂಬಳಿಕೊಪ್ಪೆ ಹೊದ್ದ ತಾಯಿಯೊಬ್ಬಳು ಮಗನನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ನಾನು ಆ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಹುಡುಗ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ಕೊಳೆರೋಗ ಬಂದು ತೋಟಕ್ಕೆ ತೋಟವೇ ಅಡಿಕೆ ಉದುರಿಸಿದ ವರ್ಷ, ಮಳೆ ಹಿಡಿಯುವ ಹೊತ್ತಿಗೆ ಎಂದಳು. ಆರು ವರ್ಷ ತುಂಬಿದವನಂತೆ ಕಂಡ. ದಾಖಲಾತಿ ಪುಸ್ತಕದಲ್ಲಿ 1-6-1984 ಎಂದು ಬರೆದು, ಅಕ್ಷರದಲ್ಲಿಯೂ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ಪುಟದಲ್ಲಿ ಜೂನ್ 1ರಂದು ಹುಟ್ಟಿದವರು ಅವನೊಬ್ಬನೇ ಆಗಿರಲಿಲ್ಲ. ಆ ಕಾಲದ ಯಾವ ಹಳ್ಳಿ ಶಾಲೆಯ ಪುಸ್ತಕವನ್ನು ತೆರೆದರೂ ಇದು ಕಾಣುತ್ತದೆ, ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ವಿಷಯವೇ.

ಮೂವತ್ತೆರಡೂವರೆ ವರ್ಷಗಳ ನಂತರ, 2023ರ ಜನವರಿಯಲ್ಲಿ, ಆ ಹುಡುಗ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಅವನು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವುದರಲ್ಲಿ ನಮ್ಮ ಸೀಮೆಯಲ್ಲಿ ಹೆಸರು ಮಾಡಿದ ಕೊನೆಗಾರನಾಗಿದ್ದ. ಕೊನೆಕೊಯ್ಲಿನ ಕಡೆಯ ಸುತ್ತು ನಡೆಯುತ್ತಿತ್ತು. ಬೆಳಗಿನ ಮಂಜಿನಲ್ಲಿ ಬೈಕಿನಲ್ಲಿ ತೋಟಕ್ಕೆ ಹೊರಟವನಿಗೆ ಹಿಂದಿನಿಂದ ಬಂದ ಸರಕು ಗಾಡಿಯೊಂದು ಗುದ್ದಿತು. ಮನೆಯಲ್ಲಿ ಉಳಿದವರು ನಾಲ್ಕು ಜನ: ಹೆಂಡತಿ, ಇಬ್ಬರು ಮಕ್ಕಳು, ಮತ್ತು 1990ರಲ್ಲಿ ಹೆಬ್ಬೆಟ್ಟು ಒತ್ತಿದ್ದ ಅದೇ ತಾಯಿ. ನಾನು ನಿವೃತ್ತನಾಗಿ ಊರಿನಲ್ಲಿಯೇ ಇದ್ದುದರಿಂದಲೂ, ಕಾಗದಪತ್ರ ಓದಬಲ್ಲವನೆಂಬ ಕಾರಣದಿಂದಲೂ, ಪರಿಹಾರದ ಕೇಸಿಗೆ ಅವರ ಜೊತೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದ್ದರಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವಕೀಲನಲ್ಲ, ಬೆಂಚಿನ ಮೇಲೆ ಕುಳಿತು ಕೇಳಿಸಿಕೊಂಡವನು ಮತ್ತು ಒಂದು ದಿನ ಕಟಕಟೆ ಹತ್ತಿದವನು ಮಾತ್ರ.

ಮೊದಲ ತಿಂಗಳಲ್ಲಿ ಯಾರೂ ಕೇಸಿನ ಮಾತೆತ್ತಲಿಲ್ಲ. ಕಾರ್ಯಗಳು ಮುಗಿಯಲಿ ಎಂದರು; ಅದು ಸಹಜವೇ. ಆದರೆ 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿಯಲ್ಲಿ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ಇದೆ. 1994ರಲ್ಲಿ ತೆಗೆದುಹಾಕಿದ್ದ ಗಡುವನ್ನು 2019ರ ತಿದ್ದುಪಡಿಯಲ್ಲಿ ಮತ್ತೆ ತಂದರು. ಮಧ್ಯದ ಕಾಲದಲ್ಲಿ ಕೇಸು ನಡೆಸಿದವರು ಈಗಲೂ 'ಅವಸರವೇನಿಲ್ಲ, ಯಾವಾಗ ಬೇಕಾದರೂ ಹಾಕಬಹುದು' ಎನ್ನುತ್ತಾರೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ಎಂಬುದು ನಿಜವಾದರೂ, ಅದನ್ನು ನಂಬಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ. ಮೇ ತಿಂಗಳಲ್ಲಿ ಅರ್ಜಿ ಹಾಕಿಸಿದೆವು.

ಅರ್ಜಿ ಎಲ್ಲಿ ಹಾಕಬೇಕೆಂಬುದರ ಬಗ್ಗೆಯೂ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ಅಪಘಾತವಾದ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಹಾಕಬೇಕೆಂದೇನೂ ಇಲ್ಲ. ಅರ್ಜಿದಾರರು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ಅಲ್ಲಿಯ ರಸ್ತೆಯಲ್ಲಿ ಸತ್ತರೆ ತಂದೆ–ತಾಯಿ ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹಿಡಿಯಬೇಕಾಗಿಲ್ಲ, ಶಿವಮೊಗ್ಗದಲ್ಲಿಯೇ ನಡೆಸಬಹುದು.

ಕಾಗದಗಳ ವಿಷಯಕ್ಕೆ ಬರುತ್ತೇನೆ. ಎಫ್ಐಆರ್, ಸ್ಥಳ ಮಹಜರು ಮತ್ತು ನಕ್ಷೆ, ಶವ ತನಿಖಾ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಕಡೆಗೆ ಚಾಲಕನ ಮೇಲಿನ ಚಾರ್ಜ್‌ಶೀಟು, ಇವು ಪೊಲೀಸರ ಕಡೆಯಿಂದ ಬರುವಂಥವು. ಈಗಿನ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ನಮ್ಮ ವಿಷಯದಲ್ಲಿ ನಾವೇ ಐದಾರು ಸಲ ಅಲೆದು ನಕಲುಗಳನ್ನು ಸೇರಿಸಿಕೊಂಡೆವು. ಈ ದಾಖಲೆಗಳು ಸ್ವಲ್ಪ ಹೆಚ್ಚು ಕಡಿಮೆ ಎಲ್ಲರಿಗೂ ಸಿಗುತ್ತವೆ. ತೊಡಕಿರುವುದು ಸತ್ತವನು ಎಷ್ಟು ವರ್ಷದವನು, ಎಷ್ಟು ಗಳಿಸುತ್ತಿದ್ದ ಎಂಬ ಎರಡು ಪ್ರಶ್ನೆಗಳಲ್ಲಿ. ಪರಿಹಾರದ ಲೆಕ್ಕವೆಲ್ಲ ನಿಂತಿರುವುದು ಈ ಎರಡರ ಮೇಲೆ. ಮಲೆನಾಡಿನ ಕೂಲಿಯ ಮನೆಗಳಲ್ಲಿ ಬರವಣಿಗೆಯಲ್ಲಿ ಸಿಗದೇ ಇರುವುದೂ ಈ ಎರಡೇ.

ಲೆಕ್ಕ ಹೇಗೆಂದು ನಮ್ಮ ವಕೀಲರು ಒಂದು ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಗಣಿತದ ಮೇಷ್ಟ್ರಾದ ನನಗೆ ಅದು ಬೇಗ ಹಿಡಿಯಿತು. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಯಸ್ಸಿಗೆ ತಕ್ಕಂತೆ ಒಂದೊಂದು ಗುಣಕವನ್ನು, ಅಂದರೆ ವರ್ಷದ ಗಳಿಕೆಯನ್ನು ಗುಣಿಸುವ ಅಂಕಿಯನ್ನು, ನಿಗದಿ ಮಾಡಿತು: 15ರಿಂದ 25 ವರ್ಷದವರಿಗೆ 18, ಅಲ್ಲಿಂದ ಇಳಿಯುತ್ತ 36ರಿಂದ 40ರವರೆಗೆ 15, 41ರಿಂದ 45ರವರೆಗೆ 14, 65 ದಾಟಿದವರಿಗೆ 5. ಸತ್ತವನು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದುದೆಂದು ಗಳಿಕೆಯಲ್ಲಿ ಒಂದು ಪಾಲನ್ನು ಕಳೆಯುತ್ತಾರೆ. ಮದುವೆಯಾಗದವನಾದರೆ ಅರ್ಧ, ಎರಡು–ಮೂರು ಅವಲಂಬಿತರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಜನರಿದ್ದರೆ ನಾಲ್ಕನೇ ಒಂದು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಪ್ರಣಯ್ ಸೇಥಿ ಪ್ರಕರಣದಲ್ಲಿ ಇನ್ನೊಂದು ಅಂಶವನ್ನು ಖಚಿತಪಡಿಸಿತು: ಬದುಕಿದ್ದರೆ ಗಳಿಕೆ ಹೆಚ್ಚುತ್ತಿತ್ತು ಎಂಬ ಲೆಕ್ಕದಲ್ಲಿ, ಸ್ವಂತ ದುಡಿಮೆಯವನಿಗೆ 40ರ ಒಳಗಾದರೆ ಶೇ 40, ನಲವತ್ತರಿಂದ ಐವತ್ತರ ಒಳಗೆ ಶೇ 25, ಐವತ್ತರಿಂದ ಅರವತ್ತರ ಒಳಗೆ ಶೇ 10 ಸೇರಿಸಬೇಕು. ಕಾಯಂ ನೌಕರನಾಗಿದ್ದರೆ ಇದು ಶೇ 50, 30, 15. ಅದೇ ತೀರ್ಪಿನಂತೆ ಅಂತ್ಯಕ್ರಿಯೆಗೆ 15,000, ಆಸ್ತಿನಷ್ಟದ ಬಾಬ್ತಿಗೆ 15,000, ಸಾಂಗತ್ಯದ ನಷ್ಟಕ್ಕೆ, ಅಂದರೆ ಸತ್ತವನ ಒಡನಾಟ ಕಳೆದುಕೊಂಡದ್ದಕ್ಕೆ, 40,000 ರೂಪಾಯಿ. ಇವು ಮೂರು ವರ್ಷಕ್ಕೊಮ್ಮೆ ಶೇ 10ರಂತೆ ಏರುತ್ತವೆ. ಹೆಂಡತಿಗೆ ಮಾತ್ರವೆಂದಿದ್ದ ಸಾಂಗತ್ಯದ ಹಣ 2018ರ ಇನ್ನೊಂದು ತೀರ್ಪಿನಿಂದ ಮಕ್ಕಳಿಗೂ ತಂದೆ–ತಾಯಿಗೂ ಸಿಗುವಂತಾಯಿತು.

ಈಗ ನನ್ನ ದಾಖಲಾತಿ ಪುಸ್ತಕದ ವಿಷಯ. ಅವನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1, 1981 ಎಂದಿತ್ತು. ಪಂಚಾಯಿತಿಯಲ್ಲಿ ಆಧಾರ್ ಮಾಡಿಸಿದಾಗ ವಯಸ್ಸು ಕೇಳಿದ್ದಾರೆ, ಅವನು ಬಾಯಿಗೆ ಬಂದದ್ದನ್ನು ಹೇಳಿದ್ದಾನೆ, ಯಂತ್ರ ತನ್ನ ಜನವರಿ 1ನ್ನು ಕೂಡಿಸಿಕೊಂಡಿದೆ. ಸರ್ಕಾರದ ಯಂತ್ರಕ್ಕೆ ಜನವರಿ 1 ಹೇಗೋ ಮೇಷ್ಟ್ರುಗಳಿಗೆ ಜೂನ್ 1 ಹಾಗೆ. ಆಧಾರ್ ಕಾರ್ಡಿನ ಪ್ರಕಾರ ಸತ್ತಾಗ ಅವನಿಗೆ 42. ನನ್ನ ಪುಸ್ತಕದ ಪ್ರಕಾರ 38. ಲೆಕ್ಕಕ್ಕೆಂದು ತಿಂಗಳಿಗೆ 15,000 ರೂಪಾಯಿ ಗಳಿಕೆ ಎಂದು ಹಿಡಿಯೋಣ. ವರ್ಷಕ್ಕೆ 1,80,000. ವಯಸ್ಸು 38 ಆದರೆ ಶೇ 40 ಸೇರಿ 2,52,000. ನಾಲ್ಕನೇ ಒಂದು ಕಳೆದರೆ 1,89,000. ಅದನ್ನು 15ರಿಂದ ಗುಣಿಸಿದರೆ 28,35,000. ವಯಸ್ಸು 42 ಆದರೆ ಶೇ 25 ಸೇರಿ 2,25,000. ನಾಲ್ಕನೇ ಒಂದು ಕಳೆದರೆ 1,68,750. ಗುಣಕ 14, ಮೊತ್ತ 23,62,500. ಎರಡರ ನಡುವಿನ ವ್ಯತ್ಯಾಸ 4,72,500 ರೂಪಾಯಿ. ಮಳೆಗಾಲದ ಒಂದು ಬೆಳಿಗ್ಗೆ ನಾನು ತಲೆಯೆತ್ತಿ ಹುಡುಗನನ್ನು ಒಮ್ಮೆ ನೋಡಿ ಬರೆದ ಅಂಕಿಯ ಬೆಲೆ ಅಷ್ಟು.

ಗುದ್ದಿದ ಗಾಡಿಯ ವಿಮಾ ಕಂಪನಿಯ ವಕೀಲರು ಆಧಾರ್ ಕಾರ್ಡನ್ನೇ ಹಿಡಿದರು. ಈಗಿನ ಮುಖ್ಯೋಪಾಧ್ಯಾಯಿನಿ ಮೂಲ ಪುಸ್ತಕವನ್ನು ಹಾಜರುಪಡಿಸಿದರು. ಬರಹ ನನ್ನದಾದ್ದರಿಂದ ನನ್ನನ್ನೂ ಸಾಕ್ಷಿಯಾಗಿ ಕರೆಸಿದರು. ಪಾಟೀಸವಾಲಿನಲ್ಲಿ ಬಂದ ಮೊದಲ ಪ್ರಶ್ನೆಯೇ ನಾನು ಹೆದರಿದ್ದ ಪ್ರಶ್ನೆ: ಜನನ ಪ್ರಮಾಣಪತ್ರ ನೋಡಿ ಈ ದಿನಾಂಕ ಬರೆದಿರಾ? ಇಲ್ಲ, ತಾಯಿಯ ಹೇಳಿಕೆಯ ಮೇಲೆ ಬರೆದೆ ಎಂದೆ. ತಾಯಿ ದಿನಾಂಕ ಹೇಳಿದಳೇ? ವರ್ಷ ಹೇಳಿದಳು, ಮಳೆ ಹಿಡಿಯುವ ಕಾಲ ಎಂದಳು ಎಂದೆ. ಹಾಗಾದರೆ ಅಂದಾಜು? ಹೌದು ಎನ್ನಲೇಬೇಕಾಯಿತು. ಹಾಗೆಂದ ಮೇಲೆ ಕಟಕಟೆಯಿಂದ ಇಳಿಯುವಾಗ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಆ ಮುದುಕಿಯ ಮುಖವನ್ನು ನೋಡಲು ನನಗಾಗಲಿಲ್ಲ. ಸಾಕ್ಷಿ ಕೆಡಿಸಿದೆನೆಂದೇ ಊರಿನವರೆಗೂ ಬಸ್ಸಿನಲ್ಲಿ ಯೋಚಿಸಿದೆ.

ಕೆಡಲಿಲ್ಲ. ಕೇಸು ನಡೆಯುತ್ತಿರುವಾಗಲೇ, 2024ರ ಅಕ್ಟೋಬರ್ ತಿಂಗಳಲ್ಲಿ, ಸುಪ್ರೀಂ ಕೋರ್ಟು ಇಂಥದೇ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲಿಯೂ ಆಧಾರಿನ ವಯಸ್ಸು ಒಂದು, ಶಾಲೆ ಬಿಟ್ಟ ಪ್ರಮಾಣಪತ್ರದ ವಯಸ್ಸು ಒಂದು. ಹೈಕೋರ್ಟು ಆಧಾರಿನಂತೆ 13ರ ಗುಣಕ ಹಿಡಿದಿತ್ತು, ಸುಪ್ರೀಂ ಕೋರ್ಟು ಶಾಲಾ ದಾಖಲೆಯಂತೆ 14 ಎಂದಿತು. ಆಧಾರ್ ಗುರುತಿನ ದಾಖಲೆಯಷ್ಟೇ, ಜನ್ಮದಿನಾಂಕದ ಪುರಾವೆಯಲ್ಲ ಎಂದು ಆಧಾರ್ ಪ್ರಾಧಿಕಾರವೇ 2023ರಲ್ಲಿ ಹೊರಡಿಸಿದ ಸುತ್ತೋಲೆಯನ್ನೂ, ವಯಸ್ಸಿನ ನಿರ್ಣಯಕ್ಕೆ ಶಾಲಾ ದಾಖಲೆಗೆ ಆದ್ಯತೆ ಕೊಡುವ ಬಾಲನ್ಯಾಯ ಕಾಯ್ದೆಯನ್ನೂ ಆ ತೀರ್ಪು ಉದ್ಧರಿಸುತ್ತದೆ. ನಮ್ಮ ವಕೀಲರು ಅದನ್ನು ಹಾಜರುಪಡಿಸಿದರು, ನ್ಯಾಯಮಂಡಳಿ 38 ಎಂಬುದನ್ನೇ ಒಪ್ಪಿತು. ಕಾನೂನಿನ ದೃಷ್ಟಿಯಲ್ಲಿ ನನ್ನ ಅಂದಾಜು ಯಂತ್ರದ ಅಂದಾಜಿಗಿಂತ ಹಳೆಯದು, ಕೇಸಿನ ನೆರಳು ಬೀಳುವ ಮೊದಲೇ ಬರೆದದ್ದು. ಅದರ ತೂಕ ಅಲ್ಲಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಅವನು ನಿಜವಾಗಿ ಹುಟ್ಟಿದ್ದು ಯಾವಾಗ ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ.

ಗಳಿಕೆಯ ಪ್ರಶ್ನೆಯಲ್ಲಿ ನಾವು ಅಷ್ಟು ಗೆಲ್ಲಲಿಲ್ಲ. ಕೊನೆಗಾರನ ದುಡಿಮೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮರದಿಂದ ಮರಕ್ಕೆ ವಾಲಿಕೊಂಡು ಹೋಗುತ್ತ ಕೊನೆ ಇಳಿಸುವವನ ಕೂಲಿ ಬೇರೆ, ಕೆಳಗೆ ಹೆಕ್ಕುವವನ ಕೂಲಿ ಬೇರೆ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲೂ ಅವನೇ ಬೇಕು. ಜಾರುವ ಮರಕ್ಕೆ ಬೋರ್ಡೋ ದ್ರಾವಣದ ಪೈಪು ಹಿಡಿದು ಹತ್ತುವ ಆ ಕೆಲಸಕ್ಕೆ ಕೂಲಿ ಇನ್ನೂ ಹೆಚ್ಚು. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತು ಕೊಯ್ಯುತ್ತಾರೆ. ಆದರೂ ಹತ್ತಬಲ್ಲವನಿಗೆ ಬೇಡಿಕೆ ಕಡಿಮೆಯಾಗಿಲ್ಲ. ಅಡಿಕೆ ಮಂಡಿಗೆ ಹೋದಾಗ ತೋಟದವನ ಹೆಸರಿಗೆ ಚೀಟಿ ಬರುತ್ತದೆ, ತೂಕ, ದರ, ದಿನಾಂಕ ಎಲ್ಲ ಅದರಲ್ಲಿ ಇರುತ್ತದೆ. ಆ ಅಡಿಕೆಯನ್ನು ಇಳಿಸಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಅವನಿಗೆ ಸಂಜೆ ಜಗಲಿಯಲ್ಲಿ ನೋಟು ಎಣಿಸಿ ಕೊಡುತ್ತಾರೆ.

ನಾನು ಐದಾರು ತೋಟದವರ ಮನೆಗೆ ಹೋದೆ. ಎಲ್ಲರೂ ಅವನನ್ನು ನೆನೆದು ಮರುಗಿದರು, ಕಾಫಿ ಕೊಟ್ಟರು. ನ್ಯಾಯಾಲಯಕ್ಕೆ ಬಂದು ಇಷ್ಟು ಕೊಡುತ್ತಿದ್ದೆವು ಎಂದು ಹೇಳುತ್ತೀರಾ ಎಂದಾಗ ಮಾತು ಬೇರೆ ಕಡೆ ತಿರುಗಿತು. ತಮಗೇ ಏನಾದರೂ ಹೊಣೆ ಸುತ್ತಿಕೊಳ್ಳಬಹುದೆಂಬ ಅಂಜಿಕೆ. ಒಬ್ಬರು ಮಾತ್ರ ಬಂದರು, ತಮ್ಮ ಲೆಕ್ಕದ ಪುಸ್ತಕ ತಂದರು. ಅದರಲ್ಲಿ ಇವನ ಹೆಸರಿನ ಮುಂದೆ ದಿನ, ಮೊತ್ತ, ನಡುನಡುವೆ ಕೊಟ್ಟ ಮುಂಗಡ ಎಲ್ಲ ಇತ್ತು. ಇದು ಕೇಸಿಗಾಗಿ ಈಚೆಗೆ ಬರೆದ ಪುಸ್ತಕವಲ್ಲವೇ ಎಂದು ಎದುರಿನ ವಕೀಲರು ಕೇಳಿದರು. ಅಲ್ಲ ಎಂದು ಅವರು ಸಿಟ್ಟಿನಿಂದಲೇ ಹೇಳಿದರು. ಒಂದು ತೋಟದ ಲೆಕ್ಕದಿಂದ ವರ್ಷದ ಗಳಿಕೆ ಸಾಬೀತಾಗುವುದಿಲ್ಲ ಎಂದು ನ್ಯಾಯಮಂಡಳಿ ಅದನ್ನು ಬದಿಗಿಟ್ಟು, ಗಳಿಕೆಗೆ ದಾಖಲೆ ಇಲ್ಲದಿದ್ದಾಗ ಬಳಸುವ ಪಟ್ಟಿಯ ಮೊರೆಹೋಯಿತು. ಕರ್ನಾಟಕದಲ್ಲಿ ಲೋಕ ಅದಾಲತ್‌ಗಳಿಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಅಪಘಾತದ ವರ್ಷಕ್ಕೆ ತಕ್ಕಂತೆ ಮಾಡಿದ ಕಾಲ್ಪನಿಕ ಆದಾಯದ ಪಟ್ಟಿಯೊಂದಿದೆ. ನ್ಯಾಯಮಂಡಳಿಗಳೂ ಹೈಕೋರ್ಟೂ ಅದನ್ನು ಅಳತೆಗೋಲಾಗಿ ಬಳಸುತ್ತವೆ. ಕೈಗೆ ಏನೂ ಸಿಗದವರಿಗೆ ಅದು ಆಸರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅರವತ್ತು ಅಡಿ ಮೇಲೆ ಜೀವ ಪಣಕ್ಕಿಟ್ಟು ದುಡಿಯುವವನನ್ನೂ ಕಸುಬು ತಿಳಿಯದ ಕೂಲಿಯವನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಈಗಿನ ಹುಡುಗರು ಕೂಲಿಯನ್ನು ಫೋನ್‌ಪೇಯಲ್ಲಿ ಹಾಕಿಸಿಕೊಳ್ಳುತ್ತಾರೆ. ಮೊದಲು ಅದನ್ನು ನೋಡಿ ನಗುತ್ತಿದ್ದೆ. ಈಗ ನಗುವುದಿಲ್ಲ, ಬ್ಯಾಂಕಿನ ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿರು ಎನ್ನುತ್ತೇನೆ.

ಕಂಪನಿಯವರು ಇನ್ನೊಂದು ತಕರಾರು ತೆಗೆದಿದ್ದರು. ಗುದ್ದಿದ ಗಾಡಿಯ ಚಾಲಕನಿಗೆ ಲಘು ವಾಹನದ ಲೈಸೆನ್ಸ್ ಇತ್ತು, ಸರಕು ಸಾಗಣೆಯ ಪ್ರತ್ಯೇಕ ನಮೂದು ಇರಲಿಲ್ಲ. ಆದ್ದರಿಂದ ಹಣ ಕೊಡುವ ಹೊಣೆ ತಮ್ಮದಲ್ಲ, ಗಾಡಿಯ ಮಾಲೀಕನದು ಎಂದರು. 2024ರ ನವೆಂಬರ್ ತಿಂಗಳಲ್ಲಿ ಸಂವಿಧಾನ ಪೀಠವು 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಆ ಲೈಸೆನ್ಸೇ ಸಾಕು ಎಂದ ಮೇಲೆ ಆ ಮಾತು ನಿಂತುಹೋಯಿತು.

ಆದರೆ ವಿಮೆಯೇ ಕೈಬಿಡುವ ಪ್ರಸಂಗಗಳು ನಮ್ಮ ಕಡೆ ಬೇಕಾದಷ್ಟಿವೆ. ಕೊಯ್ಲಿನ ಕಾಲದಲ್ಲಿ ಹತ್ತು–ಹದಿನೈದು ಜನ ಹೆಂಗಸರು ಪಿಕಪ್ಪಿನ ಹಿಂದೆ ನಿಂತು ತೋಟಕ್ಕೆ ಹೋಗುವುದನ್ನು ದಿನವೂ ನೋಡುತ್ತೇವೆ. ಸರಕು ಗಾಡಿಯಲ್ಲಿ ಹೀಗೆ ಕೂತವರಿಗೆ ಆ ಗಾಡಿಯ ವಿಮೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಗಾಡಿ ಮಗುಚಿದರೆ ಪರಿಹಾರದ ಆದೇಶ ಮಾಲೀಕನ ಮೇಲೆ ಆಗುತ್ತದೆ. ಸಾಲದ ಕಂತು ಕಟ್ಟುತ್ತಿರುವ ಆ ಮಾಲೀಕನಿಂದ ವಸೂಲಿ ಮಾಡುವುದು ಸತ್ತವರ ಮನೆಯವರ ಪಾಡು. ಇನ್ನೊಂದು, ಮಳೆಯಲ್ಲಿ ತಿರುವಿನಲ್ಲಿ ಬೈಕು ತಾನಾಗಿ ಜಾರಿದರೆ, ಕಾಡುಕೋಣ ಅಡ್ಡ ಬಂದರೆ, ಅಲ್ಲಿ ಎದುರಾಳಿ ವಾಹನವೇ ಇಲ್ಲ. ತಾನೇ ಅಜಾಗರೂಕತೆಯಿಂದ ಓಡಿಸಿ ಸತ್ತವನ ವಾರಸುದಾರರಿಗೆ 166ರ ಅಡಿಯಲ್ಲಿ ಪರಿಹಾರವಿಲ್ಲ ಎಂಬುದನ್ನು 2025ರ ಜುಲೈ ತಿಂಗಳಲ್ಲಿ, ಅರಸೀಕೆರೆಯ ಕಡೆಗೆ ಹೋಗುತ್ತಿದ್ದ ಕಾರಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಅಂಥ ಹೊತ್ತಿನಲ್ಲಿ ಉಳಿಯುವುದು ಮಾಲೀಕ–ಚಾಲಕನಿಗೆಂದು ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾತ್ರ. ಅದಕ್ಕೂ ಬೈಕು ಅವನ ಹೆಸರಿನಲ್ಲಿರಬೇಕು, ಲೈಸೆನ್ಸ್ ಇರಬೇಕು. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೆ ಕಂದಾಯ ಇಲಾಖೆಯ ಅಧಿಕಾರಿಯ ಮೂಲಕ ಅರ್ಜಿ ಹಾಕಿದವರಿಗೆ ಎರಡು ಲಕ್ಷ ಸಿಗುತ್ತದೆ. 2022ರವರೆಗೆ ಅದು 25,000 ಇತ್ತು.

ನ್ಯಾಯಾಲಯದ ಹೊರಗಿನ ಒಂದು ಮಾತನ್ನೂ ದಾಖಲಿಸಬೇಕು. ಆರಂಭದಲ್ಲಿಯೇ ಒಬ್ಬರು ಮನೆಗೆ ಬಂದು, ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪಾಲು ನಮಗೆ ಎಂದು ಖಾಲಿ ಕಾಗದಕ್ಕೆ ಸಹಿ ಕೇಳಿದರು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲ ಪರಿಷತ್ತಿನ ನಿಯಮಗಳೇ ನಿಷೇಧಿಸುತ್ತವೆ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ನಮಗೆ ವಕೀಲರು ಸಿಕ್ಕಿದ್ದು ಅದೇ ದಾರಿಯಿಂದ, ಅವರು ಚೆನ್ನಾಗಿಯೇ ನಡೆಸಿದರು. ಲೋಕ ಅದಾಲತ್ತಿನಲ್ಲಿ ರಾಜಿಯ ಮಾತೂ ಬಂದಿತ್ತು. ಅಲ್ಲಿ ಒಪ್ಪಿದರೆ ಹಣ ಬೇಗ ಬರುತ್ತದೆ, ಮೇಲ್ಮನವಿ ಇರುವುದಿಲ್ಲ. ಆದರೆ ಕಂಪನಿಯವರು ವಯಸ್ಸನ್ನು 42 ಎಂದೇ ಹಿಡಿದು ಮೊತ್ತ ಹೇಳಿದ್ದರಿಂದ ಅವನ ಹೆಂಡತಿ ಒಪ್ಪಲಿಲ್ಲ. ಆ ದಿನ ನಾನು ಒಪ್ಪಿಬಿಡು ಎಂದಿದ್ದೆ. ಅವಳು, 'ಇಲ್ಲ ಮೇಷ್ಟ್ರೇ, ಅವರಿಗೆ ನಲವತ್ತೆರಡಾಗಿರಲಿಲ್ಲ' ಎಂದಳು.

ತೀರ್ಪು 2025ರಲ್ಲಿ ಬಂತು. ಮೊತ್ತ ಎಷ್ಟೆಂಬುದು ಆ ಮನೆಯ ವಿಷಯ. ಮಕ್ಕಳ ಪಾಲನ್ನು ಅವರು ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಲು ಆದೇಶವಾಗಿದೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರಿದೆ.

ಇವೆಲ್ಲದರ ನಡುವೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ತೀರ್ಪು. ದೆಹಲಿಯ ರಸ್ತೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸತ್ತ ಪ್ರಕರಣವೊಂದರಲ್ಲಿ, 2021ರ ಜನವರಿಯಲ್ಲಿ, ಗೃಹಿಣಿಯ ದುಡಿಮೆಗೂ ಗಳಿಕೆಯ ಲೆಕ್ಕ ಹಾಕಬೇಕು, ಅದಕ್ಕೂ ಮುಂದಿನ ಹೆಚ್ಚಳ ಸೇರಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಮನೆಗೆಲಸವೇ ಮುಖ್ಯ ಉದ್ಯೋಗವೆಂದು 2011ರ ಜನಗಣತಿಯಲ್ಲಿ ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು ಸುಮಾರು 58 ಲಕ್ಷ ಎಂಬ ಅಂಕಿಯೂ ಆ ತೀರ್ಪಿನಲ್ಲಿದೆ. ನಾನು ಇದನ್ನು ಒಂದು ಸಂಜೆ ಅವನ ಹೆಂಡತಿಗೆ ಹೇಳಿದೆ. ಅವಳು ಅಡಿಕೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಹನ್ನೊಂದರವರೆಗೂ ಏಳುವವಳಲ್ಲ. ಆ ಕೂಲಿಯೂ ಎಲ್ಲಿಯೂ ಬರೆದಿಟ್ಟದ್ದಲ್ಲ. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ತನ್ನ ಆಧಾರ್ ಕಾರ್ಡು ಹಿಡಿದು ನಮ್ಮ ಮನೆಯ ಜಗಲಿಗೆ ಬಂದಳು. ಅದರಲ್ಲಿ ಅವಳು ಹುಟ್ಟಿದ್ದೂ ಜನವರಿ 1ರಂದೇ. ತಾನು ಓದಿದ್ದು ಹೊಸನಗರದ ಕಡೆಯ ಶಾಲೆ, ನಾಲ್ಕನೇ ತರಗತಿಗೆ ಬಿಟ್ಟದ್ದು, ಅಲ್ಲಿಯ ಪುಸ್ತಕದಲ್ಲಿ ಏನಿದೆಯೋ ನೋಡಿಸಬೇಕು ಎಂದಳು. ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ದಾಖಲಾತಿಯ ಉದ್ಧೃತ ಪ್ರತಿ ಕೋರಿ ಒಂದು ಅರ್ಜಿ ಬರೆದುಕೊಟ್ಟೆ. ಕೆಳಗೆ ಅವಳೇ ಸಹಿ ಹಾಕಿದಳು.